ನಿಮ್ಮ ತಂಗಿಯ ಸೀಗಡಿ

ಗೋಕಾಕದ ನನ್ನ ಅಂಗಡಿಗೆ ಬಂದು, ನನ್ನದೇ ಫ್ರೀಜರಿನ ಮುಂದೆ ನಿಂತು, "ನಿಮ್ಮ ತಂಗೀ ಸೀಗಡಿ ಐತೇನ್ರಿ?" ಎಂದು ಮೊದಲ ಸಲ ಕೇಳಿದವರು ಹಿಡಕಲ್ ಅಣೆಕಟ್ಟಿನ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರು. ಮೊದಲಿನಿಂದ ಹೊಳೆಯ, ಜಲಾಶಯದ ಮೀನನ್ನೇ ತಿಂದ ಮನುಷ್ಯ. ಅಂಗಡಿ ತೆರೆದ ಹೊಸತರಲ್ಲಿ ಇದೇ ಹಿರಿಯರು ಪಾಕೀಟಿನ ಮೇಲಿದ್ದ ಹಸಿರು ಗುರುತನ್ನೂ ಅದರ ಕೆಳಗಿನ 'ವಿಕಿರಣ' ಎಂಬ ಮಾತನ್ನೂ ಓದಿ, ಹಿಡಿದ ಪಾಕೀಟನ್ನು ಹಾಗೆಯೇ ಕೆಳಗಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹೋಗಿದ್ದರು.

"ಇದೆಲ್ಲಾ ನನ್ನ ಅಂಗಡೀ ಮಾಲ್ರಿ," ಎಂದೆ.

"ಅದು ಗೊತ್ತೈತಿ ಬಿಡ್ರಿ. ಮೊನ್ನಿ ಹುಕ್ಕೇರಿಗೆ ಹೋದಾಗ ನಿಮ್ಮ ತಂಗೀ ಖಾನಾವಳಿಯೊಳಗ ತಿಂದ್ನಿ. ಏನ್ ರುಚಿ ಅಂತೀರಿ! ಅದನ್ನ ಕೊಡ್ರಿ."

ಕೊಟ್ಟೆ. ಅವರು ಹೋದ ಮೇಲೆ ಫ್ರೀಜರಿನ ಮುಚ್ಚಳವನ್ನು ಎಷ್ಟು ಜೋರಾಗಿ ಹಾಕಿದೆನೆಂದರೆ, ಗೋಡೆಯಾಚೆ ಪಂಪ್‌ಸೆಟ್ಟಿನ ಸಾಮಾನು ಮಾರುವ ನನ್ನ ಯಜಮಾನರು ಎದ್ದು ಬಂದು, "ಏನಾತು?" ಎಂದು ಕೇಳಿದರು.

"ಏನಿಲ್ರಿ. ವ್ಯಾಪಾರ ಆತು," ಎಂದೆ.

ವ್ಯಾಪಾರ ಆದದ್ದಕ್ಕೆ ಹೊಟ್ಟೆ ಉರಿಯುವುದು ಉಂಟೇ? ನನಗೆ ಉರಿಯಿತು. ಹೊಟ್ಟೆಕಿಚ್ಚು ಎನ್ನುವ ಮಾತನ್ನು ನಾವು ಸುಮ್ಮನೆ ಆಡುತ್ತೇವೆ, ಆದರೆ ಅದು ನಿಜಕ್ಕೂ ಹೊಟ್ಟೆಯಲ್ಲೇ ಹತ್ತುತ್ತದೆ. ಎದೆಗೂಡಿನ ಕೆಳಗೆ, ಹಸಿ ಮೆಣಸಿನಕಾಯಿ ಕಚ್ಚಿ ನೀರು ಕುಡಿಯದೆ ಕೂತ ಹಾಗೆ. ನನ್ನ ತಂಗಿಯ ಮೇಲೆ ನನಗೆ ಈ ಉರಿ ಹೊಸದೇನೂ ಆಗಿರಲಿಲ್ಲ.

ನಾವು ಮಸಗುಪ್ಪಿಯವರು. ಅಪ್ಪ ಕುರಿ ಕಾಯುತ್ತಿದ್ದ. ಸ್ವಲ್ಪ ಹೊಲವೂ ಇತ್ತು, ಅದನ್ನು ಅವ್ವ ನೋಡಿಕೊಳ್ಳುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ಅಪ್ಪ ಹಿಂಡು ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬರುವ ಸುದ್ದಿ ಸಿಕ್ಕಿದೊಡನೆ ನಾವಿಬ್ಬರೂ ಊರ ಹೊರಗೆ ಓಡುತ್ತಿದ್ದೆವು. ನಾನು ದೊಡ್ಡವಳು, ಕಾಲು ಉದ್ದ, ನಾನೇ ಮೊದಲು ಮುಟ್ಟುತ್ತಿದ್ದೆ. ಅಪ್ಪ ನನ್ನ ತಲೆಯ ಮೇಲೆ ಒಂದು ಕೈ ಇಟ್ಟು, ನನ್ನ ಹಿಂದೆ ಏಳುತ್ತ ಬೀಳುತ್ತ ಬರುತ್ತಿದ್ದವಳ ಕಡೆ ನೋಡುತ್ತಿದ್ದ. ನೋಡಿ ನಗುತ್ತಿದ್ದ. ಆ ನಗುವನ್ನು ನಾನು ಯಾವಾಗಲೂ ಕೆಳಗಿನಿಂದ, ಅವನ ಗಡ್ಡದ ಬದಿಯಿಂದ ಕಂಡಿದ್ದೇನೆ. ಅದು ನನ್ನ ಕಡೆಗೆ ತಿರುಗಿದ್ದು ನೆನಪಿಲ್ಲ.

ಮೂಡಲಗಿ ಸಂತೆಗೆ ಕುರಿ ಮಾರಲು ಹೋಗುವಾಗ ಕೆಲವು ಸಲ ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದ. ಹಲ್ಲು ನೋಡಿ ಕುರಿಯ ವಯಸ್ಸು ಹೇಳುವುದನ್ನು ನಾನು ಆಗಲೇ ಕಲಿತಿದ್ದೆ. ಒಂದು ಸಲ ಕೊಳ್ಳಲು ಬಂದವನೊಬ್ಬ ಒಂದು ಕುರಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ಯಾಕೋ ಸೊರಗೈತಿ," ಎಂದ. ನಾನು ಅದರ ವಯಸ್ಸು, ಅದು ಹಾಕಿದ ಮರಿ, ಎಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಂಗಿ, "ಇದು ಭಾಳ ನಾಚಿಕಿ ಕುರಿರಿ. ಮಂದಿ ಮುಂದ ಮೇಯೂದಿಲ್ಲ. ನಿಮ್ಮ ಮನೀಗಿ ಬಂದ್ರ ತಿಂತೈತಿ," ಎಂದುಬಿಟ್ಟಳು. ಸುತ್ತ ನಿಂತವರೆಲ್ಲ ನಕ್ಕರು. ಅವನೂ ನಕ್ಕ, ನಕ್ಕವನು ಕುರಿಯನ್ನು ಬಿಟ್ಟು ಹೋಗಲಾರದೆ ಕೊಂಡ. ಅಪ್ಪ ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದ. ನನ್ನ ಬಾಯಿ ಆ ದಿನ ತೆರೆದದ್ದು ಇನ್ನೂ ಹಾಗೆಯೇ ಇದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ನಾನು ಓದಿದೆ. ಓದುವುದಾದರೂ ಅವಳಿಗೆ ಬಾರದ ಕೆಲಸವಾಗಿತ್ತು. ಸೂಕ್ಷ್ಮಜೀವಿಗಳ ಶಾಸ್ತ್ರ ಕಲಿತು ಕರಾವಳಿಯ ಒಂದು ಮೀನು ಸಂಸ್ಕರಣೆ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಸೀಗಡಿ, ಬಂಗುಡೆ, ಬೊಂಡಾಸ್, ಎಲ್ಲ ಬರುತ್ತಿದ್ದವು, ತೊಳೆದು, ಸುಲಿದು, ಹೆಪ್ಪುಗಟ್ಟಿಸಿ ಹೊರಗೆ ಹೋಗುತ್ತಿದ್ದವು. ನನ್ನ ಕೆಲಸ ಪ್ರತಿ ಮಾಲಿನ ಚೂರು ತೆಗೆದು, ಗಾಜಿನ ತಟ್ಟೆಯಲ್ಲಿ ಬಿತ್ತಿ, ರೋಗ ತರುವ ಕ್ರಿಮಿ ಬೆಳೆಯುತ್ತದೋ ಇಲ್ಲವೋ ನೋಡುವುದು. ಹೆಪ್ಪುಗಟ್ಟಿಸಿದರೆ ಕ್ರಿಮಿ ಸಾಯುತ್ತದೆ ಎಂದು ಜನ ತಿಳಿಯುತ್ತಾರೆ. ಬಹಳಷ್ಟು ಸಾಯುವುದಿಲ್ಲ, ನಿದ್ದೆ ಹೋಗುತ್ತವೆ. ಬೆಚ್ಚಗಾದರೆ ಏಳುತ್ತವೆ.

ಅದಕ್ಕಾಗಿ ಕೆಲವು ಮಾಲನ್ನು ವಿಕಿರಣ ಘಟಕಕ್ಕೆ ಕಳಿಸುತ್ತಿದ್ದರು. ಒಮ್ಮೆ ನಾನೂ ಶೀತಲ ಲಾರಿಯ ಹಿಂದೆ ಜೀಪಿನಲ್ಲಿ ಹೋದೆ. ಕೋಟೆಯಂಥ ದಪ್ಪ ಕಾಂಕ್ರೀಟಿನ ಗೋಡೆ. ಒಳಗೆ ಆಳದ ನೀರಿನ ಹೊಂಡದಲ್ಲಿ ಕಿರಣ ಬಿಡುವ ಲೋಹದ ಸರಳುಗಳು ಇರುತ್ತವೆ. ಮನುಷ್ಯರೆಲ್ಲ ಹೊರಗೆ ಬಂದು ಬಾಗಿಲು ಬಿದ್ದ ಮೇಲೆಯೇ ಅವು ನೀರಿನಿಂದ ಮೇಲೇಳುವುದು. ಕಟ್ಟಿದ ಪೆಟ್ಟಿಗೆಗಳು ತಾವಾಗಿಯೇ ಸರಿಯುತ್ತ ಅವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಆಚೆ ಬರುತ್ತವೆ. ಪೆಟ್ಟಿಗೆ ಬಿಚ್ಚುವುದಿಲ್ಲ, ಕಾಯಿಸುವುದಿಲ್ಲ, ಏನನ್ನೂ ಹಚ್ಚುವುದಿಲ್ಲ. ಒಳಗೆ ಹೋಗುವಾಗ ಪೆಟ್ಟಿಗೆಯ ಮೇಲೆ ಹಳದಿಯಾಗಿದ್ದ ಚುಕ್ಕಿ ಹೊರಗೆ ಬರುವಾಗ ಕೆಂಪಾಗಿತ್ತು, ಅಷ್ಟೇ. ಸೀಗಡಿ ಕಲ್ಲಿನಂತೆ ಹೆಪ್ಪುಗಟ್ಟಿಯೇ ಇತ್ತು. ಹೆಪ್ಪಾಗಿದ್ದರೇ ರುಚಿಯೂ ಮೈಯೂ ಕೆಡದೆ ಉಳಿಯುವುದು. ಲ್ಯಾಬಿಗೆ ತಂದು ಬಿತ್ತಿದೆ. ಮರುದಿನ ನೋಡಿದರೆ ನನ್ನ ತಟ್ಟೆಗಳು ತೊಳೆದಿಟ್ಟ ಹಾಗಿದ್ದವು. ಆ ಖಾಲಿ ತಟ್ಟೆಗಳನ್ನು ಬೆಳಕಿಗೆ ಹಿಡಿದು ನಾನು ಬಹಳ ಹೊತ್ತು ನಿಂತಿದ್ದೆ. ನನ್ನ ಜೀವನದಲ್ಲಿ ನಾನು ಕಂಡ ಚಂದದ ವಸ್ತುಗಳಲ್ಲಿ ಅದೂ ಒಂದು. ಯಾರಿಗೆ ಹೇಳಲಿ?

ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ ಈ ಕಡೆ ಸಮುದ್ರದ ಮೀನಿನ ಗತಿ ನೋಡಿದೆ. ಘಟ್ಟ ಹತ್ತಿ, ಐಸು ಕರಗಿ, ಕಣ್ಣು ಬಿಳುಚಿಕೊಂಡು ಬರುತ್ತಿತ್ತು. ತಿಳಿದವರು ಅದನ್ನು ಮುಟ್ಟದೆ ಜಲಾಶಯದ ರೋಹು, ಕಟ್ಲಾ ಕೊಳ್ಳುತ್ತಿದ್ದರು. ಒಳ್ಳೆಯ ಸೀಗಡಿಯನ್ನು ಹೆಪ್ಪುಗಟ್ಟಿಸಿ, ವಿಕಿರಣ ಕೊಡಿಸಿ ತಂದರೆ ಇಲ್ಲಿನವರೂ ಹೆದರದೆ ತಿನ್ನಬಹುದಲ್ಲ ಎಂದುಕೊಂಡೆ. ಯಜಮಾನರು ಅಂಗಡಿಯ ಅರ್ಧ ಬಿಟ್ಟುಕೊಟ್ಟರು. ಹಳೆಯ ಪರಿಚಯದವರಿಂದ ಮಾಲು ತರಿಸಿದೆ.

ಜನ ಹೆದರಿದರು. ಸೀಗಡಿಗಲ್ಲ, ಆ ಒಂದು ಮಾತಿಗೆ.

"ಅಣು ಬಾಂಬ್‌ನ್ಯಾಗ ಇರ್ತೈತಲ್ರಿ, ಅದಾ ಏನ್ರಿ ಇದು?" ಎಂದು ಕೇಳಿದರು. "ತಿಂದ್ರ ಕೂದಲಾ ಉದರ್ತಾವಂತ," ಎಂದರು. ನಾನು ವಿವರಿಸುತ್ತಿದ್ದೆ. ಕಿರಣ ಹಾಯ್ದು ಹೋಗುತ್ತದೆ, ಉಳಿಯುವುದಿಲ್ಲ, ಸೀಗಡಿಯೊಳಗೆ ವಿಕಿರಣವೇನೂ ಹುಟ್ಟುವುದಿಲ್ಲ ಎನ್ನುತ್ತಿದ್ದೆ. ನನ್ನ ಮಾತು ಉದ್ದವಾದಷ್ಟೂ ಅವರು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಂಕಲಗಿಯಿಂದ ಬಂದ ಒಬ್ಬ ಹೆಂಗಸಂತೂ ಪೂರ್ತಿ ಕೇಳಿಸಿಕೊಂಡು, "ಪಾಪ, ಎಷ್ಟ್ ಕಲ್ತೀಯವ್ವಾ," ಎಂದು ಮರುಗಿ, ಏನೂ ಕೊಳ್ಳದೆ ಹೋದಳು.

ಇಂಥ ದಿನಗಳಲ್ಲೇ ತಂಗಿ ಬಂದದ್ದು. ಅವಳ ಗಂಡನದು ಹುಕ್ಕೇರಿಯಲ್ಲಿ ಖಾನಾವಳಿ. ಮದುವೆಗೆ ಮುಂಚೆ ಸಾಧಾರಣ ನಡೆಯುತ್ತಿದ್ದ ಆ ಖಾನಾವಳಿ, ಇವಳು ಒಲೆಯ ಮುಂದೆ ನಿಂತ ಮೇಲೆ ಹೊರಗೆ ಗಾಡಿ ನಿಲ್ಲಿಸಲು ಜಾಗವಿಲ್ಲದ ಹಾಗಾಗಿತ್ತು. ಅವಳು ಫ್ರೀಜರಿನ ಮುಚ್ಚಳ ತೆಗೆದು, ಪಾಕೀಟುಗಳನ್ನು ತಿರುವಿ ಹಾಕಿ, "ಯಾಕಕ್ಕಾ, ಇಷ್ಟ ಹಂಗ ಬಿದ್ದಾವಲ್ಲ?" ಎಂದಳು.

"ಮಂದಿ ಹೆದರಾಕತ್ತಾರ."

"ಯಾತಕ್ಕ?"

ಹೇಳಿದೆ. ಅವಳು ಅರ್ಧಕ್ಕೇ ನಿಲ್ಲಿಸಿದಳು. "ಅಂದ್ರ ಎಕ್ಸ್‌ರೇ ತಗಸಿದಂಗ ಹೌದಿಲ್ಲೋ? ನಮ್ಮ ಮಾವನೋರದು ಕಾಲ್ ಮುರದಾಗ ತಗಸಿದ್ರಲ್ಲ, ಅಂಥಾದ್ದು?"

"ಹಂಗಂತ ಪೂರ್ತಿ ಹೇಳಾಕ ಬರೂದಿಲ್ಲ. ಇದು ಭಾಳ ಜೋರಿರ್ತೈತಿ, ಮತ್ತ—"

"ಸಾಕ್ ಬಿಡು," ಎಂದು ಚೀಲ ತುಂಬಿಕೊಂಡು ಹುಕ್ಕೇರಿ ಬಸ್ಸು ಹತ್ತಿದಳು.

ಅವಳು ಶೇಂಗಾ, ಒಣಕೊಬ್ಬರಿ, ಮಸಾಲೆ ಖಾರ ಹಾಕಿ ಸೀಗಡಿ ಸುಕ್ಕಾ ಮಾಡಿ, ಬಿಸಿ ಜೋಳದ ರೊಟ್ಟಿಯ ಜೊತೆ ಇಟ್ಟಳು. ಊಟಕ್ಕೆ ಕೂತವರಿಗೆ, "ಎಕ್ಸ್‌ರೇ ತಗಸಿ, ರೋಗ ಇಲ್ಲಂತ ನೋಡಿ ತಂದಿದ್ದೈತಿ, ಹೊಡೀರಿ," ಎಂದಳಂತೆ. ಅಷ್ಟೇ. ನನ್ನ ವರ್ಷಗಳ ಓದು, ತಟ್ಟೆಗಳು, ಕೆಂಪು ಚುಕ್ಕಿ, ಎಲ್ಲದರ ಜಾಗದಲ್ಲಿ ಆ ಒಂದು ತಪ್ಪು ಮಾತು ಕೂತಿತು, ಜನ ತಿಂದರು. ಹುಕ್ಕೇರಿಯಲ್ಲಿ ತಿಂದವರು ಗೋಕಾಕಕ್ಕೆ ಬಂದು ನನ್ನನ್ನು ಕೇಳತೊಡಗಿದರು. ನನ್ನ ಫ್ರೀಜರು ಖಾಲಿಯಾಗತೊಡಗಿತು. ಪ್ರತಿಯೊಬ್ಬರ ಬಾಯಲ್ಲೂ ಒಂದೇ: ನಿಮ್ಮ ತಂಗೀ ಸೀಗಡಿ.

ಯಜಮಾನರು, "ಎರಡನೇ ಫ್ರೀಜರ್ ತಗೊಳ್ಳೂಣು," ಎಂದರು. ನಾನು ಮುಖ ಕೊಟ್ಟು ಮಾತಾಡಲಿಲ್ಲ. ಒಬ್ಬ ಗಿರಾಕಿಗೆ "ಇದು ಎಕ್ಸ್‌ರೇ ಅಲ್ರಿ" ಎಂದು ತಿದ್ದಲು ಹೋಗಿ ಅವನನ್ನು ಕಳೆದುಕೊಂಡೆ. ತಂಗಿಯ ಕೈಯ ಸುಕ್ಕಾ ತಿನ್ನಲು ಹುಕ್ಕೇರಿಗೆ ಎಲ್ಲರೂ ಹೋದರು, ನಾನು ಮಾತ್ರ ಏನಾದರೊಂದು ನೆಪ ಹೇಳುತ್ತಿದ್ದೆ. ಒಮ್ಮೆ ಯಜಮಾನರು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬಂದರು. ಅವರು ಸ್ನಾನಕ್ಕೆ ಹೋದಾಗ ಒಂದು ಸೀಗಡಿ ತೆಗೆದು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಬಂತು ಎಂದು ನನಗೆ ನಾನೇ ಹೇಳಿಕೊಂಡೆ.

ಬೇಸಿಗೆಯ ಹೊತ್ತಿಗೆ ತಂಗಿಯ ಮಾತು ಇನ್ನೊಂದು ಮೆಟ್ಟಿಲು ಹತ್ತಿತ್ತು. ಗಿರಾಕಿಯೊಬ್ಬರು ನನ್ನಿಂದ ಪಾಕೀಟು ಕೊಂಡು, ಸ್ಕೂಟರಿನ ಮುಂದೆ ಬಿಸಿಲಿಗೆ ತೂಗುಹಾಕಿಕೊಂಡು ಹೊರಟರು. "ಲಗೂನ ಮನೀಗಿ ಒಯ್ದು ಥಂಡಿಯೊಳಗ ಇಡ್ರಿ," ಎಂದೆ. "ಇದು ಕೆಡೂದಿಲ್ಲಂತಲ್ರಿ, ನಿಮ್ಮ ತಂಗಿ ಹೇಳ್ಯಾಳ," ಎಂದರು. ಅವತ್ತೇ ಫೋನು ಮಾಡಿ ತಂಗಿಗೆ ಹೇಳಿದೆ, ಹಾಗೆ ಹೇಳಬೇಡ ಎಂದು. "ಆತು ಬಿಡಕ್ಕಾ," ಎಂದು ನಕ್ಕಳು. ಅವಳ ಹಿಂದೆ ಪಾತ್ರೆಗಳ ಸದ್ದು, ಜನರ ಗದ್ದಲ ಕೇಳಿಸುತ್ತಿತ್ತು. ನನ್ನ ಅಂಗಡಿಯಲ್ಲಿ ಫ್ರೀಜರಿನ ಗುಂಯ್ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ತಂಗಿಯ ಮಗಳ ಜಾವಳ. ಮಗುವಿನ ಮೊದಲ ಕೂದಲು ತೆಗೆಸಿ ಬೀಗರಿಗೆ, ಬಂಧುಗಳಿಗೆಲ್ಲ ಊಟ ಹಾಕುವ ದಿನ. ಕುರಿಯ ಅಡಿಗೆ ಇರುವುದು ವಾಡಿಕೆ, ಅದರ ಜೊತೆಗೆ ಈ ಸಲ ಸೀಗಡಿಯೂ ಎಂದು ಅವಳು ಎಲ್ಲರಿಗೂ ಸಾರಿದ್ದಳು. ಮಾಲು ಹಿಂದಿನ ದಿನವೇ ನನ್ನಿಂದ ಹೋಗಿತ್ತು. ಜ್ವರದಿಂದ ಎದ್ದು ಇನ್ನೂ ನಿತ್ರಾಣನಾಗಿದ್ದ ಅಪ್ಪನೂ ಮಸಗುಪ್ಪಿಯಿಂದ ಬಂದಿದ್ದ. ಅವ್ವ ತೀರಿಕೊಂಡ ಮೇಲೆ ಅಪ್ಪ ಎಲ್ಲಿಗೂ ಹೊರಡುತ್ತಿರಲಿಲ್ಲ, ಕಿರಿ ಮಗಳು ಕರೆದಳೆಂದು ಬಂದಿದ್ದ.

ನಾನು ಬೆಳಗಿನ ಬಸ್ಸಿಗೆ ಹೋಗಿ ಇಳಿದಾಗ ಖಾನಾವಳಿಯ ಹಿತ್ತಲಲ್ಲಿ ಅಡಿಗೆಯ ಗಡಿಬಿಡಿ ನಡೆದಿತ್ತು. ಸೆಖೆ ವಿಪರೀತ. ಫ್ಯಾನು ತಿರುಗುತ್ತಿರಲಿಲ್ಲ.

"ಕರೆಂಟ್ ಹೋಗೇತೇನು?" ಎಂದು ತಂಗಿಯ ಗಂಡನನ್ನು ಕೇಳಿದೆ.

"ನಿನ್ನಿ ಮಧ್ಯಾಹ್ನ ಹೋಗೈತ್ರಿ. ಟ್ರಾನ್ಸ್‌ಫಾರ್ಮರ್ ಸುಟ್ಟೈತಿ. ಇನ್ನೂ ಬಂದಿಲ್ಲ," ಎಂದರು.

ನಾನು ನೆಟ್ಟಗೆ ಫ್ರೀಜರಿನ ಹತ್ತಿರ ಹೋದೆ. ಒಳಗೆ ಖಾಲಿ, ತಳದಲ್ಲಿ ಬೆಚ್ಚನೆಯ ನೀರು. ಸೀಗಡಿ ಹಿತ್ತಲಲ್ಲಿ ಅಗಲವಾದ ಪರಾತದಲ್ಲಿತ್ತು. ಪಾಕೀಟುಗಳನ್ನೆಲ್ಲ ಹಿಂದಿನ ಸಂಜೆಯೇ ಹರಿದು, ಕುರಿ ಕಡಿದ ಮಣೆಯ ಮೇಲೆಯೇ ಸ್ವಚ್ಛ ಮಾಡಿ, ಅರಿಸಿನ ಹಚ್ಚಿ ಇಟ್ಟಿದ್ದರು. ಕೈ ಇಟ್ಟು ನೋಡಿದೆ. ನನ್ನ ಕೈಯಷ್ಟೇ ಬಿಸಿಯಿತ್ತು.

"ಇದನ್ನ ಹಾಕಬ್ಯಾಡ," ಎಂದೆ.

ತಂಗಿ ಒಗ್ಗರಣೆಗೆ ಎಣ್ಣೆ ಇಟ್ಟು ನಿಂತಿದ್ದಳು. "ಯಾಕ?"

"ರಾತ್ರಿಯೆಲ್ಲಾ ಹೊರಗ ಕುಂತೈತಿ. ಕೆಟ್ಟಿರ್ತೈತಿ."

ಅವಳು ಒಂದು ಸೀಗಡಿ ಎತ್ತಿ ಮೂಗಿಗೆ ಹಿಡಿದಳು. ಬಾಜೂ ನಿಂತ ಹೆಂಗಸರಿಗೂ ಹಿಡಿದಳು. "ವಾಸನಿ ಎಲ್ಲೈತಿ? ನೀನಾ ನೋಡು. ಕಿರಣಾ ಹಾಯ್ದೈತಿ, ಕೆಡೂದಿಲ್ಲ ಅಂತ ನೀನಾ ಹೇಳಿದ್ದಿ."

"ನಾ ಹಂಗ ಹೇಳಿಲ್ಲ. ನೀ ಹೇಳಿದ್ದು ಅದು."

ನಿಜಕ್ಕೂ ವಾಸನೆ ಹೇಳಿಕೊಳ್ಳುವಷ್ಟು ಇರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ವಾಸನೆ ಎಬ್ಬಿಸುವ ಕ್ರಿಮಿಗಳೂ ಕಿರಣಕ್ಕೆ ಸತ್ತಿರುತ್ತವೆ. ಆಮೇಲೆ ಮಣೆಯಿಂದ, ಕೈಯಿಂದ, ಚಾಕುವಿನಿಂದ ಹೊಸದು ಹತ್ತಿದರೆ ಮೂಗಿಗೆ ಏನೂ ತಿಳಿಯುವುದಿಲ್ಲ, ಮತ್ತು ಕೆಲವು ವಿಷ ಕುದಿಸಿದರೂ ಹೋಗುವುದಿಲ್ಲ. ಇದನ್ನೆಲ್ಲ ನಾನು ಹೇಳತೊಡಗಿದೆ. ನನ್ನ ದನಿ ಏರಿತ್ತು. ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬಂದು ನಿಂತರು. ಅವರ ಮುಖಗಳು ನನ್ನ ಅಂಗಡಿಯ ಗಿರಾಕಿಗಳ ಮುಖಗಳಂತೆಯೇ ಇದ್ದವು.

ತಂಗಿ ಸೌಟು ಕೆಳಗಿಟ್ಟಳು. "ಅಕ್ಕಾ, ಸುಳ್ಳ ಯಾಕ ಹೇಳ್ತಿ? ಮಂದಿ ನನ್ನ ಹೆಸರ ತಗೊಂಡ ನಿನ್ನ ಅಂಗಡಿಗೆ ಬರ್ತಾರಂತ ನಿನಗ ಹೊಟ್ಟಿಕಿಚ್ಚು. ನನಗ ಗೊತ್ತಿಲ್ಲೇನು? ಇಷ್ಟ ದಿನಾ ಒಂದ ಸಲನಾದ್ರೂ ನನ್ನ ಖಾನಾವಳಿಗಿ ಬಂದ ಉಂಡೀಯೇನು? ಇವತ್ತ ನಾಕ ಮಂದಿಯೊಳಗ ನನ್ನ ಮಾನಾ ಕಳೀಬೇಕಂತ ಬಂದಿ."

ಎಣ್ಣೆ ಕಾದು ಹೊಗೆ ಏಳುತ್ತಿತ್ತು. ಅವಳ ಗಂಡ ಬಗ್ಗಿ ಒಲೆ ಆರಿಸಿದರು.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಕೋಲೂರಿಕೊಂಡು ಎದ್ದು ಬಂದ. ಪರಾತವನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ನನ್ನನ್ನು.

"ಹೊಟ್ಟಿಕಿಚ್ಚಿಗೆ ಹೇಳಾಕತ್ತೀಯೇನ?" ಎಂದ.

ಇಲ್ಲ ಎನ್ನಬಹುದಿತ್ತು. ಅಲ್ಲಿದ್ದವರಲ್ಲಿ ಅರ್ಧ ಜನ ನಂಬುತ್ತಿದ್ದರು. ಆದರೆ ಅಪ್ಪ ಅಷ್ಟು ಹೊತ್ತು ನೇರವಾಗಿ ನನ್ನ ಮುಖ ನೋಡಿದ್ದು ಅಪರೂಪ, ಆ ಕಣ್ಣಿಗೆ ಸುಳ್ಳು ಹೇಳಲು ಆಗಲಿಲ್ಲ.

"ಹೊಟ್ಟಿಕಿಚ್ಚು ಐತಿ ಅಪ್ಪಾ," ಎಂದೆ. "ಸಣ್ಣಾಕಿ ಇದ್ದಾಗಿಂದ ಐತಿ. ಆದ್ರ ಈ ಸೀಗಡಿ ತಿನಬಾರ್ದು ಅನ್ನೂದೂ ಖರೆ. ಕೆಟ್ಟೈತೋ ಇಲ್ಲೋ ನೋಡಿ ಹೇಳಾಕ ನನಗೂ ಬರೂದಿಲ್ಲ. ಅದಕ್ಕಾ ತಿನಬಾರ್ದು."

ಅಪ್ಪ ಇನ್ನೊಮ್ಮೆ ಪರಾತದ ಕಡೆ ನೋಡಿದ. "ನಾ ತಿನ್ನೂದಿಲ್ಲ," ಎಂದು ಹೋಗಿ ಮತ್ತೆ ಕಟ್ಟೆಯ ಮೇಲೆ ಕೂತ. ಯಾರ ಪರ ಆ ಮಾತು ಎಂದು ನನಗೆ ಅರ್ಥವಾಗಲಿಲ್ಲ. ನಾನು ಬಗ್ಗಿ ಪರಾತದ ಒಂದು ಕಿವಿ ಹಿಡಿದೆ. ಎತ್ತಲಾಗಲಿಲ್ಲ. ತಂಗಿಯ ಗಂಡ ಬಂದು ಇನ್ನೊಂದು ಕಿವಿ ಹಿಡಿದರು. ಇಬ್ಬರೂ ಅದನ್ನು ಹಿಂದಿನ ತಿಪ್ಪೆಗೆ ಒಯ್ದು ಸುರಿದೆವು. ತಂಗಿ ನಮ್ಮ ಕಡೆ ಬೆನ್ನು ಮಾಡಿ ಕುರಿಯ ಎಸರಿಗೆ ಉಪ್ಪು ಹಾಕುತ್ತ ನಿಂತಿದ್ದಳು, ಎರಡೆರಡು ಸಲ ಹಾಕಿದಳು.

ಊಟ ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ, ಆಗುವುದಾದರೂ ಹೇಗೆ? ತಿಂದಿದ್ದರೆ ಏನಾಗುತ್ತಿತ್ತೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಆಗದೇ ಹೋದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಮೇಲಿಂದ ಆ ತಿಪ್ಪೆಯ ಸೀಗಡಿಯನ್ನು ಹುಕ್ಕೇರಿಯ ಬೀದಿ ನಾಯಿಗಳು ಬಳಿದು ತಿಂದವು. ಮರುದಿನ ತಂಗಿಯ ಗಂಡ ಯಜಮಾನರಿಗೆ ಫೋನು ಮಾಡಿ, "ನಾಯಿ ಎಲ್ಲಾ ಗಟ್ಟಿಮುಟ್ಟ ಓಡ್ಯಾಡಾಕತ್ತಾವ್ರಿ," ಎಂದರಂತೆ. ಅವರು ಹಗುರಾಗಿ ಹೇಳಿದ್ದು. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಬಂಧುಗಳ ನಡುವೆ ಒಂದು ಮಾತು ಹಬ್ಬಿತು: ದೊಡ್ಡಾಕಿ ಹೊಟ್ಟಿಕಿಚ್ಚಿಗೆ ಸಣ್ಣಾಕಿಯ ಜಾವಳದ ಅಡಿಗಿ ತಿಪ್ಪಿಗೆ ಹಾಕಿದ್ಲು. ತುಂಬಿದ ಮನೆಯಲ್ಲಿ ನಾನೇ ಒಪ್ಪಿಕೊಂಡಿದ್ದೆನಲ್ಲ, ಯಾರನ್ನು ತಪ್ಪೆನ್ನಲಿ?

ತಂಗಿ ನನ್ನಿಂದ ಸೀಗಡಿ ತರಿಸುವುದನ್ನು ನಿಲ್ಲಿಸಿದಳು. ಹುಕ್ಕೇರಿಯಲ್ಲಿ ಸುಕ್ಕಾ ನಿಂತಿತು, ಗೋಕಾಕದಲ್ಲಿ ಗಿರಾಕಿಗಳೂ ಕಡಿಮೆಯಾದರು. ಬಂದವರು, "ನಿಮ್ಮ ತಂಗಿ ಯಾಕ್ರಿ ಮಾಡೂದು ಬಿಟ್ಲು?" ಎಂದು ಕೇಳುತ್ತಿದ್ದರು. ಈಗ ಅವಳಿಲ್ಲದ್ದೂ ಅವಳದೇ ಸುದ್ದಿಯಾಗಿತ್ತು.

ಮುಂಗಾರು ಶುರುವಾದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಅವಳು ಕೊಡೆ ಮಡಚಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. ಹುಕ್ಕೇರಿಯಲ್ಲಿ ಬೇರೊಂದು ಮನೆಯ ಮದುವೆಯೂಟದಲ್ಲಿ ಹಳಸಿದ ಮೀನು ತಿಂದು ಹಲವರು ಆಸ್ಪತ್ರೆ ಸೇರಿದ್ದರಂತೆ. ಅವಳ ನಾದಿನಿಯೂ ಅವರಲ್ಲಿ ಒಬ್ಬಳಂತೆ. "ವಾಸನಿ ಇರಲಿಲ್ಲಂತ ಅಕ್ಕಾ," ಎಂದಳು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಕುಂಡರು. ಮೊದಲಿಂದ ಹೇಳು. ಈ ಸಲ ನಡುವ ಬಾಯಿ ಹಾಕೂದಿಲ್ಲ."

ಹೇಳಿದೆ. ಕಾಂಕ್ರೀಟಿನ ಗೋಡೆ, ನೀರಿನ ಹೊಂಡ, ಪೆಟ್ಟಿಗೆಗಳ ಪ್ರದಕ್ಷಿಣೆ, ಖಾಲಿ ತಟ್ಟೆ. ಕಿರಣ ಅಲ್ಲಿದ್ದ ಕ್ರಿಮಿಯನ್ನು ಕೊಲ್ಲುತ್ತದೆ, ಕೆಟ್ಟ ಮಾಲನ್ನು ಒಳ್ಳೆಯದು ಮಾಡುವುದಿಲ್ಲ, ಆಮೇಲೆ ಕಾವಲೂ ಕಾಯುವುದಿಲ್ಲ ಎಂದೆ. ಅವಳು ನಿಜಕ್ಕೂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಳು.

"ಅಪ್ಪ ಕುರಿಗೋಳಿಗೆ ಔಷಧದ ನೀರಾಗ ಮೈ ತೊಳೀತಿದ್ದನಲ್ಲ, ಉಣ್ಣಿ ಸಾಯಾಕ," ಎಂದಳು. "ತೊಳದ ಮ್ಯಾಲ ಒಂದೂ ಉಣ್ಣಿ ಇರತಿರಲಿಲ್ಲ. ಹಂಗಂತ ಉಣ್ಣಿ ಇರೂ ಹಿಂಡಿನ್ಯಾಗ ಬಿಟ್ರ ಮತ್ತ ಹತ್ತೂದಿಲ್ಲೇನು? ತೊಳದದ್ದನ್ನ ಬ್ಯಾರೆ ಬೇಲಿ ಹಾಕಿದ ದಡ್ಡಿಯೊಳಗ ಕೂಡಿ ಹಾಕಬೇಕು. ಫ್ರೀಜರ್ ಅಂದ್ರ ದಡ್ಡಿ. ಹೌದಿಲ್ಲೋ?"

ಹೌದು. ಕೂದಲೆಳೆಯಷ್ಟೂ ತಪ್ಪಿಲ್ಲದೆ ಹೌದು. ಅದೇ ಅಪ್ಪ ಅದೇ ಕುರಿಗಳನ್ನು ತೊಳೆಯುವಾಗ ಔಷಧದ ಬಕೆಟ್ಟು ಹಿಡಿದು ನಿಂತಿದ್ದವಳು ನಾನು. ಅವಳು ದೂರ ಕೂತು ಆಡುತ್ತಿದ್ದಳು. ನನಗೆ ಯಾಕೆ ಹೊಳೆಯಲಿಲ್ಲ? ಮೆಣಸಿನಕಾಯಿ ಮತ್ತೆ ಎದೆಗೂಡಿನ ಕೆಳಗೆ ಉರಿಯಿತು.

ಅಷ್ಟರಲ್ಲಿ ಒಬ್ಬಳು ಗಿರಾಕಿ ಬಂದಳು. ಪಾಕೀಟಿನ ಗುರುತು ತೋರಿಸಿ ಅನುಮಾನದಿಂದ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ತಂಗಿ ಉಣ್ಣಿಯ ಮಾತು ಹೇಳಿದಳು, ದಡ್ಡಿಯ ಮಾತು ಹೇಳಿದಳು, "ಮನೀಗಿ ಹೋಗೂತನಾ ದಡ್ಡಿ ಬಾಗಿಲಾ ತಗೀಬ್ಯಾಡ್ರಿ ಮತ್ತ," ಎಂದಳು. ಆ ಹೆಂಗಸು ನಕ್ಕು, ಪಾಕೀಟನ್ನು ಐಸಿನ ಚೀಲದಲ್ಲಿ ಹಾಕಿಸಿಕೊಂಡು ಹೋದಳು. ಈ ಸಲ ತಿದ್ದಲು ನನಗೆ ಏನೂ ಉಳಿದಿರಲಿಲ್ಲ.

ಈಗ ಅವಳ ಖಾನಾವಳಿಯಲ್ಲಿ ಕರೆಂಟು ಹೋದರೂ ನಡೆಯುವ ಫ್ರೀಜರು ಇದೆ. ಸೀಗಡಿಗೆ ಬೇರೆ ಮಣೆ, ಬೇರೆ ಚಾಕು. ಕರಗಿದ್ದನ್ನು ಅವತ್ತೇ ಮಾಡಿ ಮುಗಿಸುತ್ತಾಳೆ, ಅನುಮಾನ ಬಂದರೆ ಚೆಲ್ಲುತ್ತಾಳೆ. ವಾರಕ್ಕೊಮ್ಮೆ ಗೋಕಾಕಕ್ಕೆ ಬಂದು ಮಾಲು ಒಯ್ಯುತ್ತಾಳೆ. ಎರಡನೇ ಫ್ರೀಜರು ಬಂದಿದೆ. ಜನ ಈಗಲೂ ಅವಳ ಹೆಸರೇ ಹೇಳಿ ಕೇಳುತ್ತಾರೆ, ನಾನು ಕೊಡುತ್ತೇನೆ.

ಹೀಗೊಂದು ದಿನ ಮಾಲು ಕಟ್ಟುತ್ತ ಕೂತಾಗ, ಯಾಕೋ ಕೇಳಬೇಕೆನಿಸಿ ಕೇಳಿದೆ. "ಖರೆ ಹೇಳು. ನಿನಗ ನನ್ನ ಮ್ಯಾಲ ಎಂದಾದ್ರೂ ಹೊಟ್ಟಿಕಿಚ್ಚು ಬಂದಿತ್ತೇನು? ನಾ ಸಾಲಿ ಕಲತ್ನಿ, ನೌಕರಿ ಮಾಡಿದ್ನಿ, ಸಮುದ್ರಾ ನೋಡಿದ್ನಿ..."

ಅವಳು ಕೈಯಲ್ಲಿದ್ದ ದಾರ ಹಾಗೆಯೇ ಹಿಡಿದು, ಪ್ರಾಮಾಣಿಕವಾಗಿ ಯೋಚಿಸಿದಳು. ನನ್ನನ್ನು ಸಮಾಧಾನ ಮಾಡಲಾದರೂ ಒಂದು ಸಣ್ಣ ಸುಳ್ಳು ಹೇಳುತ್ತಾಳೆಂದು ನಾನು ಕಾಯುತ್ತಿದ್ದೆ.

"ಇಲ್ಲಕ್ಕಾ," ಎಂದಳು. "ಎಂದೂ ಬಂದಿಲ್ಲ ನೋಡು."

ಬೇರೆ ಯಾವ ಮಾತೂ ನನ್ನನ್ನು ಅಷ್ಟು ಸುಟ್ಟಿರಲಿಲ್ಲ.

ಅವಳ ಚೀಲ ಭಾರವಿತ್ತು. ಒಂದು ಹಿಡಿಕೆ ಅವಳು, ಒಂದು ಹಿಡಿಕೆ ನಾನು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆವು. ಹುಕ್ಕೇರಿ ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರು ಅವಳನ್ನು ಕಂಡದ್ದೇ, "ಬರ್ರಿ ಅಕ್ಕಾರ, ಬರ್ರಿ," ಎಂದು ಮುಂದಿನ ಸೀಟಿನಿಂದ ಒಬ್ಬನನ್ನು ಎಬ್ಬಿಸಿದ. ಅವಳು ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ, "ಲಗೂ ಮನೀಗಿ ಹೋಗು, ಮಳಿ ಬರ್ತೈತಿ," ಎಂದಳು. ನಾನು ಅಲ್ಲೇ ನಿಂತು, ಆ ಕಂಡಕ್ಟರು ನನ್ನನ್ನು ಎಂದಾದರೂ ಹಾಗೆ ಕರೆದದ್ದುಂಟೇ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಬಸ್ಸು ಹೊರಟಿತು.